ಅಮೆರಿಕದ ಒಳನಾಡು ವಿಮಾನಗಳು: ನಮ್ಮ ಗೋಲ್ಡ್ ಕಾರ್ಡ್ ಅಲ್ಲಿ ಎಷ್ಟು ನಡೆಯುತ್ತದೆ?

ಏರ್ ಇಂಡಿಯಾದಲ್ಲಿ ಪದೇ ಪದೇ ಹಾರುವವರ ಸದಸ್ಯತ್ವ ಯೋಜನೆಯಾದ ಮಹಾರಾಜ ಕ್ಲಬ್‌ನಲ್ಲಿ ಗೋಲ್ಡ್ ಅಥವಾ ಪ್ಲಾಟಿನಂ ಆಗಿರುವವರು ಅಮೆರಿಕದೊಳಗೆ ಓಡಾಡಲು ಯುನೈಟೆಡ್ ಏರ್‌ಲೈನ್ಸ್ ಹಿಡಿಯುವುದೇ ಸರಿ. ಎರಡೂ ಸಂಸ್ಥೆಗಳು ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಕೂಟದಲ್ಲಿವೆ, ಈ ಎರಡು ದರ್ಜೆಗಳೂ ಅಲ್ಲಿ ‘ಸ್ಟಾರ್ ಗೋಲ್ಡ್’ ಎನಿಸುತ್ತವೆ. ಚಿಕಾಗೋದಿಂದ ಹ್ಯೂಸ್ಟನ್‌ಗೆ ಎಕಾನಮಿ ಟಿಕೆಟ್‌ನಲ್ಲಿ ಹೋದರೂ ಯುನೈಟೆಡ್ ಕ್ಲಬ್ ಲಾಂಜ್ ಉಚಿತ, ಅದೇ ವಿಮಾನದಲ್ಲಿ ಬರುವ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಯುನೈಟೆಡ್‌ನದೇ ಗೋಲ್ಡ್ ಸದಸ್ಯರಿಗೆ ಬರೀ ದೇಶದೊಳಗಿನ ಪ್ರಯಾಣದಲ್ಲಿ ಈ ಸೌಲಭ್ಯವಿಲ್ಲ. ಒಳನಾಡಿನ ಫಸ್ಟ್ ಕ್ಲಾಸ್ ಟಿಕೆಟ್ ಕೊಂಡವರಿಗೂ ಇಲ್ಲ. ಬೇರೆ ಸಂಸ್ಥೆಯ ಸ್ಟಾರ್ ಅಲಯನ್ಸ್ ಗೋಲ್ಡ್ ಸದಸ್ಯರಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಒನ್‌ವರ್ಲ್ಡ್ ಎಂಬ ಇನ್ನೊಂದು ಕೂಟದಲ್ಲಿರುವ ಅಮೆರಿಕನ್ ಏರ್‌ಲೈನ್ಸ್‌ನಲ್ಲೂ ಇದೇ ಕ್ರಮ: ಅದೇ ಕೂಟದ ಕತಾರ್ ಏರ್‌ವೇಸ್ ಗೋಲ್ಡ್ ಅಥವಾ ಬ್ರಿಟಿಷ್ ಏರ್‌ವೇಸ್ ಸಿಲ್ವರ್ ಇದ್ದರೆ ಅಡ್ಮಿರಲ್ಸ್ ಕ್ಲಬ್ ಲಾಂಜ್‌ಗೆ ಪ್ರವೇಶ.

ಎಡವಟ್ಟಾಗುವುದು ಬುಕಿಂಗ್ ಮಾಡುವಾಗ. ಯುನೈಟೆಡ್ ಆ್ಯಪ್‌ಗೆ ಲಾಗಿನ್ ಆಗಿ ಟಿಕೆಟ್ ತೆಗೆದರೆ ಅದರದೇ ಸದಸ್ಯತ್ವವಾದ ಮೈಲೇಜ್‌ಪ್ಲಸ್‌ನ ಸಂಖ್ಯೆ ತಾನಾಗಿ ಸೇರಿಕೊಳ್ಳುತ್ತದೆ. ಅದನ್ನು ತೆಗೆದು ಏರ್ ಇಂಡಿಯಾ ಸಂಖ್ಯೆ ಹಾಕಿ, ಚೆಕ್-ಇನ್ ಆದಮೇಲೆ ಬೋರ್ಡಿಂಗ್ ಪಾಸ್‌ನಲ್ಲಿ ‘ಸ್ಟಾರ್ ಗೋಲ್ಡ್’ ಎಂದು ಬಂದಿದೆಯೇ ನೋಡಿ. ಬಂದಿದ್ದರೆ ಬೇಗ ಬೋರ್ಡಿಂಗ್, ಬ್ಯಾಗ್ ವಿನಾಯಿತಿ, ಲಾಂಜ್ ಎಲ್ಲವೂ ಸಿಗುತ್ತವೆ. ಉಚಿತ ಅಪ್‌ಗ್ರೇಡ್ ಮತ್ತು ಕಾಲಿಗೆ ಹೆಚ್ಚು ಜಾಗವಿರುವ ಎಕಾನಮಿ ಪ್ಲಸ್ ಸೀಟು ಮಾತ್ರ ಅವರ ಸ್ವಂತ ಸದಸ್ಯರಿಗೇ ಮೀಸಲು. ಅಪ್‌ಗ್ರೇಡ್ ಸಿಗದಿದ್ದರೆ ಬೇಸರವೇನೂ ಬೇಡ. ಅಲ್ಲಿನ ಫಸ್ಟ್ ಕ್ಲಾಸ್ ಎಂದರೆ ಸಾಮಾನ್ಯವಾಗಿ ಎರಡೆರಡರ ಸಾಲಿನ ಅಗಲ ಸೀಟು, ಅಷ್ಟೇ. ಪೂರ್ತಿ ಮಲಗುವ ಸೀಟು ನೆವಾರ್ಕ್–ಸ್ಯಾನ್ ಫ್ರಾನ್ಸಿಸ್ಕೋ ಥರದ ಕೆಲವು ದೂರದ ಮಾರ್ಗಗಳಲ್ಲಿ ಮಾತ್ರ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚುಟುಕು) ಎಂದು ಬರುತ್ತದೆ. ಟಿಕೆಟ್‌ನಲ್ಲಿ ಒಂದು ಥರ, ಸದಸ್ಯತ್ವದಲ್ಲಿ ಇನ್ನೊಂದು ಥರ ಇದ್ದರೆ ಸಂಖ್ಯೆ ಹೊಂದುವುದಿಲ್ಲ, ಗೋಲ್ಡ್ ಸೌಲಭ್ಯವೂ ಕಾಣಿಸುವುದಿಲ್ಲ. ಪ್ರಯಾಣಕ್ಕೆ ಮುಂಚೆಯೇ ಎರಡನ್ನೂ ಒಂದೇ ಮಾಡಿಸಿಕೊಳ್ಳಿ.

ಬ್ಯಾಗಿಗೆ ನಮ್ಮಲ್ಲಿ ಇರುವಂತೆ 15 ಕಿಲೋ ಉಚಿತ ಎಂಬ ಲೆಕ್ಕ ಅಲ್ಲಿಲ್ಲ. ಗೋಲ್ಡ್‌ನಂಥ ಸ್ಟೇಟಸ್ ಇಲ್ಲದವರು 23 ಕಿಲೋದ ಮೊದಲ ಬ್ಯಾಗಿಗೇ ದುಡ್ಡು ಕಟ್ಟಬೇಕು. ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಿದರೆ ಸ್ವಲ್ಪ ಕಡಿಮೆ. ಸೌತ್‌ವೆಸ್ಟ್ ಏರ್‌ಲೈನ್ಸ್ ಕೂಡ 2025ರ ಮೇ ಕೊನೆಯಿಂದ ಎಲ್ಲರಿಗೂ ಎರಡು ಬ್ಯಾಗ್ ಉಚಿತ ಕೊಡುವುದನ್ನು ನಿಲ್ಲಿಸಿದೆ. ಯುನೈಟೆಡ್‌ನ ಅತಿ ಅಗ್ಗದ ಟಿಕೆಟ್ ಆದ ಬೇಸಿಕ್ ಎಕಾನಮಿಯಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದು ಚೀಲಕ್ಕಷ್ಟೇ ಅನುಮತಿ. ದೊಡ್ಡ ಕ್ಯಾಬಿನ್ ಬ್ಯಾಗ್ ಗೇಟ್‌ವರೆಗೆ ತಂದರೆ ಬ್ಯಾಗ್ ಶುಲ್ಕದ ಮೇಲೆ ಇನ್ನೂ 25 ಡಾಲರ್ ಬೀಳುತ್ತದೆ. ಸ್ಟಾರ್ ಗೋಲ್ಡ್‌ನವರಿಗೆ ಈ ನಿರ್ಬಂಧವಿಲ್ಲ. ಆದರೆ 50 ಸೀಟಿನ ಸಣ್ಣ ಜೆಟ್‌ಗಳಲ್ಲಿ ಯಾವ ಕಾರ್ಡೂ ಉಪಯೋಗಕ್ಕೆ ಬಾರದು, ಮೇಲಿನ ಕಪಾಟಿಗೆ ಚಕ್ರದ ಬ್ಯಾಗ್ ಹಿಡಿಸುವುದೇ ಇಲ್ಲ. ಬಾಗಿಲಲ್ಲಿ ಟ್ಯಾಗ್ ಹಾಕಿ ಕೆಳಗೆ ಇಡುತ್ತಾರೆ, ಇಳಿದ ಮೇಲೆ ಏರೋಬ್ರಿಡ್ಜ್‌ನಲ್ಲೇ ನಿಂತು ತೆಗೆದುಕೊಳ್ಳಬೇಕು. ಲ್ಯಾಪ್‌ಟಾಪ್, ಔಷಧಿ, ಪವರ್ ಬ್ಯಾಂಕ್ ಮೊದಲೇ ಕೈಚೀಲಕ್ಕೆ ಹಾಕಿಕೊಳ್ಳಿ.

ಭಾರತದಿಂದ ನೇರ ಬಂದು ಮುಂದಿನ ಊರಿಗೆ ಹೋಗುವವರು ಸಾಮಾನ್ಯವಾಗಿ ಮೊದಲ ನಿಲ್ದಾಣದಲ್ಲೇ ಲಗೇಜ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಮತ್ತೊಮ್ಮೆ ಸೆಕ್ಯುರಿಟಿಗೆ ನಿಲ್ಲಬೇಕು. ಮೂರು ಗಂಟೆ ಇಟ್ಟುಕೊಳ್ಳಿ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ ಅಂತರರಾಷ್ಟ್ರೀಯ ಬ್ಯಾಗ್ ಲೆಕ್ಕವೇ ಕೊನೆಯವರೆಗೂ ನಡೆಯುತ್ತದೆ. ಬೇರೆ ಬೇರೆ ಟಿಕೆಟ್ ತೆಗೆದು ಉಳಿಸಿದ ಹಣ ಎಷ್ಟೋ ಸಲ ಇಲ್ಲಿಯೇ ಖರ್ಚಾಗುತ್ತದೆ.

ಪದೇ ಪದೇ ಹೋಗುವವರಿಗೆ, ಅಮೆರಿಕಕ್ಕೆ ಬಂದಿಳಿದಾಗ ಇಮಿಗ್ರೇಷನ್ ಬೇಗ ಮುಗಿಸುವ ಅಲ್ಲಿನ ಸರ್ಕಾರಿ ಯೋಜನೆಯಾದ ಗ್ಲೋಬಲ್ ಎಂಟ್ರಿ ಮಾಡಿಸುವುದು ಖಂಡಿತ ಲಾಭ. ಭಾರತೀಯ ಪಾಸ್‌ಪೋರ್ಟ್‌ನವರೂ ಅರ್ಜಿ ಹಾಕಬಹುದು; ಶುಲ್ಕ 120 ಡಾಲರ್, ಐದು ವರ್ಷ ನಡೆಯುತ್ತದೆ. ಒಳನಾಡು ಪ್ರಯಾಣದಲ್ಲಿ ಲ್ಯಾಪ್‌ಟಾಪ್ ಹೊರತೆಗೆಯದೆ ಹೋಗುವ ಪ್ರೀಚೆಕ್ ಸಾಲೂ ಇದರಲ್ಲೇ ಸೇರಿದೆ. ಗ್ಲೋಬಲ್ ಎಂಟ್ರಿಯ ಸದಸ್ಯ ಸಂಖ್ಯೆಯನ್ನು ಪ್ರತಿ ಬುಕಿಂಗ್‌ಗೂ ಸೇರಿಸಬೇಕು, ಮರೆತರೆ ಸಾಮಾನ್ಯ ಸಾಲೇ ಗತಿ.

ಊಟದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಎಕಾನಮಿಯಲ್ಲಿ ಸಿಗುವುದು ಒಂದು ಬಿಸ್ಕತ್ತು ಪೊಟ್ಟಣ, ಒಂದು ಪಾನೀಯ. ಮಾರುವ ತಿಂಡಿಗೆ ಕಾರ್ಡ್ ಬೇಕು, ನಗದು ನಡೆಯುವುದಿಲ್ಲ, ಸಸ್ಯಾಹಾರವೂ ಅಪರೂಪ. ಚಪಾತಿ, ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡು ಹೋದರೆ ಸೆಕ್ಯುರಿಟಿಯಲ್ಲಿ ತೊಂದರೆಯಿಲ್ಲ. ಮೊಸರು, ಗೊಜ್ಜು, ಉಪ್ಪಿನಕಾಯಿ ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿಲಿ ಮೀರಿದರೆ ಅಲ್ಲೇ ಬಿಟ್ಟು ಹೋಗಬೇಕು. ಚಟ್ನಿಪುಡಿ ಒಯ್ಯಬಹುದು, ಡಬ್ಬಿ 350 ಮಿಲಿಗಿಂತ ದೊಡ್ಡದಾದರೆ ಬೇರೆಯಾಗಿ ತಪಾಸಣೆ ಆಗುತ್ತದೆ.

ಬೇಸಿಗೆಯಲ್ಲಿ ಬೆಳಗಿನ ಮೊದಲ ವಿಮಾನವನ್ನೇ ಆರಿಸಿ. ಮಧ್ಯಾಹ್ನದ ಗುಡುಗು ಮಳೆ ಚಿಕಾಗೋ, ನೆವಾರ್ಕ್, ಡಲ್ಲಾಸ್‌ಗಳನ್ನು ಕಟ್ಟಿಹಾಕುತ್ತದೆ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುವುದರಿಂದ ಬೆಳಗಿನ ತಡ ಸಂಜೆಗೆ ದುಪ್ಪಟ್ಟಾಗುತ್ತದೆ. ತಡಕ್ಕೆ ನಗದು ಪರಿಹಾರ ಕೊಡಿಸುವ ಕಾನೂನು ಅಲ್ಲಿಲ್ಲ. ಆದರೆ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ, ನೀವು ಪ್ರಯಾಣವನ್ನೇ ಬೇಡವೆಂದರೆ ಪೂರ್ತಿ ಹಣ ವಾಪಸ್ ಕೊಡಲೇಬೇಕು. ಅಂಥ ಹೊತ್ತಿನಲ್ಲಿ ವೋಚರ್ ಕೊಡಲು ಬಂದರೆ ಒಪ್ಪಿಕೊಳ್ಳಬೇಡಿ, ಮೂಲ ಕಾರ್ಡಿಗೇ ಹಣ ಹಾಕಿ ಎಂದು ಕೇಳಿ. ಶುಲ್ಕ ಕಟ್ಟಿದ ಬ್ಯಾಗ್ ನೀವು ಇಳಿದು 12 ಗಂಟೆಯೊಳಗೆ ಕೈಸೇರದಿದ್ದರೆ ಆ ಶುಲ್ಕವೂ ವಾಪಸ್ ಬರಬೇಕು. ಅದಕ್ಕೆ ನಿಲ್ದಾಣದಿಂದ ಹೊರಡುವ ಮೊದಲೇ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ, ಅದರ ಸಂಖ್ಯೆ ಪಡೆದುಕೊಳ್ಳಿ.