ಹುಬ್ಬಳ್ಳಿಯಿಂದ ಲಂಕಾವಿಗೆ: ವಿದ್ಯಾನಗರದ ಬಾಡಿಗೆ ಸೈಕಲ್ ಪೆಟ್ಟಿಗೆ

3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್ ಓಟ ಇರುವ ಪೂರ್ಣ ದೂರದ ಟ್ರಯಥ್ಲಾನ್‌ಗೆ ಹೊರಟವರ ಸಾಮಾನಿನಲ್ಲಿ ತೊಡಕಿನದು ಸೈಕಲ್ ಒಂದೇ. ಉಳಿದದ್ದು ಯಾವ ಚೀಲದಲ್ಲಾದರೂ ಹಿಡಿಸುತ್ತದೆ. ಗೋವಾದಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಇದರ ಅರ್ಧ ದೂರದ್ದು, ಮೇಲಾಗಿ ಅದಕ್ಕೆ ನಮ್ಮವರು ಕಾರಿಗೆ ಸೈಕಲ್ ಕಟ್ಟಿಕೊಂಡು ರಾಮನಗರ, ಅನಮೋಡ ಘಾಟಿನ ಹಾದಿ ಹಿಡಿದರೆ ಸಾಕು. ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ನಡೆಯುವ ಪೂರ್ಣ ದೂರದ ಸ್ಪರ್ಧೆಗೆ ಹಾಗಲ್ಲ. ಬೆಂಗಳೂರಿನಲ್ಲೊಮ್ಮೆ, ಕೌಲಾಲಂಪುರದಲ್ಲೊಮ್ಮೆ ವಿಮಾನ ಬದಲಿಸಬೇಕು, ಪ್ರತಿ ಸಲವೂ ಸೈಕಲ್ಲನ್ನು ಗುರುತಿಲ್ಲದ ಯಾರೋ ಎತ್ತಿ ಇಳಿಸುತ್ತಾರೆ. ಇಂಥ ಪ್ರಯಾಣಕ್ಕೆಂದು ವಿದ್ಯಾನಗರದ ಸೈಕಲ್ ಅಂಗಡಿಯೊಂದು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುತ್ತದೆ. ಬೇಕೆಂದವರಿಗೆ ಸೈಕಲ್ ಬಿಚ್ಚಿ ತುಂಬಿಯೂ ಕೊಡುತ್ತದೆ. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯವಿಷ್ಟು: ಪೆಟ್ಟಿಗೆ ಸಾಧಾರಣ, ತುಂಬುವ ಕೈ ಅಪರೂಪದ್ದು.

ತುಂಬುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಬೇಕೆಂದು ಅಂಗಡಿಯವರೇ ಒತ್ತಾಯಿಸುತ್ತಾರೆ, ಏಕೆಂದರೆ ಸ್ಪರ್ಧೆಯ ಊರಿನ ಹೋಟೆಲ್ ಕೋಣೆಯಲ್ಲಿ ಮತ್ತೆ ಜೋಡಿಸಬೇಕಾದವರು ನಾವು. ಮೆಕ್ಯಾನಿಕ್ ಮೊದಲು ಸೀಟ್ ಪೋಸ್ಟಿನ ಎತ್ತರಕ್ಕೆ ಸರಿಯಾಗಿ ತೆಳ್ಳನೆಯ ಟೇಪು ಸುತ್ತಿದರು, ಹ್ಯಾಂಡಲ್‌ಬಾರಿನ ಓರೆಗೂ ಹಾಗೆಯೇ ಗುರುತು ಹಾಕಿದರು. ನಂತರ ಪೆಡಲ್ ಬಿಚ್ಚುವ ಪಾನಾವನ್ನು ನನ್ನ ಕೈಗಿತ್ತು, "ಎಡಗಡೀ ಪೆಡಲ್ ಉಲ್ಟಾ ತಿರಗತೈತ್ರೀ ಸರ್, ಜೋರ ಮಾಡಬ್ಯಾಡ್ರಿ" ಎಂದರು. ಚಕ್ರ ತೆಗೆದೊಡನೆ ಡಿಸ್ಕ್ ಬ್ರೇಕಿನ ಎರಡು ಪ್ಯಾಡುಗಳ ನಡುವೆ ಸಣ್ಣದೊಂದು ಪ್ಲಾಸ್ಟಿಕ್ ಬಿಲ್ಲೆ ಸೇರಿಸಿದರು. ಸಾಗಣೆಯಲ್ಲಿ ಬ್ರೇಕ್ ಲಿವರ್ ಯಾವುದಕ್ಕಾದರೂ ತಾಗಿ ಒತ್ತಿಹೋದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಸ್ಪರ್ಧೆಯ ಮುನ್ನಾದಿನ ಈ ಪೀಕಲಾಟ ಯಾರಿಗೂ ಬೇಡ. ಗೇರು ಬದಲಿಸುವ ಹಿಂದಿನ ಡಿರೇಲರನ್ನು, ಅದನ್ನು ಚೌಕಟ್ಟಿಗೆ ತಗುಲಿಸುವ ಹ್ಯಾಂಗರ್ ಎಂಬ ಕೊಂಡಿಯಿಂದ ಬಿಡಿಸಿ, ಗುಳ್ಳೆ ಹಾಳೆಯಲ್ಲಿ ಸುತ್ತಿ, ಚೌಕಟ್ಟಿನ ಒಳಭಾಗಕ್ಕೆ ಕಟ್ಟಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು, ಏಕೆಂದರೆ ವಿಮಾನದಲ್ಲಿ ಬಂದ ಸೈಕಲ್‌ಗಳಲ್ಲಿ ಬಾಗಿ ಕೆಡುವುದು ಬಹಳ ಸಲ ಆ ಹ್ಯಾಂಗರೇ, ಅದು ಬಾಗಿದರೆ 180 ಕಿಲೋಮೀಟರ್ ಉದ್ದಕ್ಕೂ ಗೇರು ಕೈಕೊಡುತ್ತದೆ. ಟೈರಿನ ಗಾಳಿಯನ್ನು ಕಡಿಮೆ ಮಾಡಿದರೇ ಹೊರತು ಪೂರ್ತಿ ಬಿಡಲಿಲ್ಲ. ವಿಮಾನದ ಸಾಮಾನು ಕೋಣೆಯಲ್ಲೂ ಪ್ರಯಾಣಿಕರ ಕ್ಯಾಬಿನ್ನಿನಷ್ಟೇ ಒತ್ತಡ ಇರುವುದರಿಂದ ಟೈರು ಸಿಡಿಯುತ್ತದೆಂಬ ಭಯಕ್ಕೆ ಆಧಾರವಿಲ್ಲ. ಆದರೂ ವಿಮಾನ ಕಂಪನಿಗಳು ಗಾಳಿ ಇಳಿಸಲು ಹೇಳುತ್ತವೆ, ಸ್ವಲ್ಪ ಉಳಿಸಿಕೊಂಡರೆ ರಿಮ್ಮಿಗೆ ರಕ್ಷಣೆಯೂ ಆಗುತ್ತದೆ.

ಪೆಟ್ಟಿಗೆಯ ಮುಚ್ಚಳದ ಒಳಮೈಗೆ, ತುಂಬಿದ ಸೈಕಲ್ಲಿನ ಫೋಟೋ ಒಂದನ್ನು ಅಂಟಿಸಿ, ಯಾವ ಪಟ್ಟಿ ಎಲ್ಲಿ ಹಾಯಬೇಕೆಂದು ಬಾಣ ಹಾಕಿ ಬರೆದಿದ್ದಾರೆ. ದಾರಿಯಲ್ಲಿ ಒಂದು ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಪೆಟ್ಟಿಗೆ ತೆರೆದು ಮತ್ತೆ ಮುಚ್ಚಿದ್ದರು. ಫೋಟೋ ಕಣ್ಣೆದುರಿಗೇ ಇದ್ದರೂ ಒಂದು ಪಟ್ಟಿಯನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ ಬಿಗಿದಿದ್ದರು, ಪುಣ್ಯಕ್ಕೆ ಕಡ್ಡಿ ಬಾಗಿರಲಿಲ್ಲ.

ಇನ್ನು ಪೆಟ್ಟಿಗೆಯ ವಿಚಾರ. ಖಾಲಿ ಇದ್ದಾಗಲೇ ಅದು ಹತ್ತು ಕಿಲೋ ದಾಟುತ್ತದೆ. ಸೈಕಲ್, ಹೆಲ್ಮೆಟ್, ಪಂಪು ಸೇರಿದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಸಿಗುವ 15 ಕಿಲೋ ಮಿತಿ ಎಲ್ಲೋ ಹಿಂದೆ ಉಳಿಯುತ್ತದೆ. ಹೀಗಾಗಿ ಕ್ರೀಡಾ ಸಾಮಗ್ರಿಯೆಂದು ಮೊದಲೇ ತಿಳಿಸಿ ಹಣ ಕಟ್ಟುವುದು ಅನಿವಾರ್ಯ. ಹುಬ್ಬಳ್ಳಿಯಿಂದ ಹಾರುವ ಎಟಿಆರ್‌ನಂಥ ಸಣ್ಣ ವಿಮಾನಗಳಲ್ಲಿ ಸಾಮಾನಿನ ಜಾಗವೇ ಕಡಿಮೆಯಾದ್ದರಿಂದ, ಟಿಕೆಟ್ ಕೊಳ್ಳುವ ಮುನ್ನವೇ ಪೆಟ್ಟಿಗೆಯ ಉದ್ದಗಲಗಳನ್ನು ಕೊಟ್ಟು ಒಪ್ಪಿಗೆ ಪಡೆಯುವುದು ಲೇಸು. ಬೆಂಗಳೂರಿನವರೆಗೆ ರೈಲಿನಲ್ಲಿ ಒಯ್ಯಬಹುದಲ್ಲ ಎನ್ನುವವರು ನಮ್ಮ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮನ್ನು ನೆನೆಯಲಿ: ಈ ಪೆಟ್ಟಿಗೆಯ ಗಾಲಿಗಳು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಮಾತ್ರ ಲಾಯಕ್ಕು, ಒರಟು ಹಾಸುಗಲ್ಲಿನ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ಮೊಂಡು ಎತ್ತಿನಂತೆ ನಿಂತುಬಿಡುತ್ತವೆ. ಬಾಡಿಗೆಗಿಂತ ಮೆತ್ತನೆಯ ಚೀಲ ಕೊಳ್ಳುವುದು ಮೇಲೆಂದು ಹಗುರ ತೂಕ ನೋಡಿ ಹೇಳುವವರಿದ್ದಾರೆ. ಒಂದೇ ವಿಮಾನದ ಪ್ರಯಾಣವಾದರೆ ನಾನೂ ಒಪ್ಪುತ್ತಿದ್ದೆ, ಕಾರ್ಬನ್ ಚೌಕಟ್ಟನ್ನು ಎರಡು ಸಲ ವಿಮಾನ ಬದಲಿಸಿ ಒಯ್ಯುವುದಾದರೆ ಒಪ್ಪಲಾರೆ.

ಪೆಟ್ಟಿಗೆಯಲ್ಲಿ ಇಡಬಾರದ ವಸ್ತುಗಳ ಬಗ್ಗೆ ಅಂಗಡಿಯವರ ಮಾಹಿತಿ ಸರಿಯಾಗಿದೆ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಎಲೆಕ್ಟ್ರಾನಿಕ್ ಗೇರಿನ ಬಿಚ್ಚಬಹುದಾದ ಬ್ಯಾಟರಿಯನ್ನೂ ತೆಗೆದು ನನ್ನ ಕೈಗೇ ಕೊಟ್ಟರು. ಪಂಕ್ಚರಾದಾಗ ಗಾಳಿ ತುಂಬುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಳಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕಾಗುವುದರಿಂದ, ಸ್ಪರ್ಧೆಯ ಊರಿನಲ್ಲೇ ಕೊಳ್ಳಿರೆಂದರು.

ಬಾಡಿಗೆಯ ಕರಾರು ಮಾತ್ರ ಗಿರಾಕಿಗೆ ಅನುಕೂಲವಾಗಿಲ್ಲ. ಒಯ್ದ ದಿನದಿಂದ ಮರಳಿಸುವ ದಿನದವರೆಗೂ ದಿನಗೂಲಿಯಂತೆ ಎಣಿಸುತ್ತಾರೆ, ಆದರೆ ಪೂರ್ಣ ದೂರದ ಸ್ಪರ್ಧೆಗೆ ಹೋದವರು ಬಿಸಿಲು, ಸೆಕೆಗೆ ಮೈ ಒಗ್ಗಿಸಿಕೊಳ್ಳಲು ಕೆಲವು ದಿನ ಮುಂಚೆಯೇ ಹೋಗುತ್ತಾರೆ, ಅಷ್ಟೂ ದಿನ ಪೆಟ್ಟಿಗೆ ಹೋಟೆಲ್ಲಿನ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಸ್ಪರ್ಧೆಗೊಂದು ಗುತ್ತಿಗೆ ದರ ನಿಗದಿ ಮಾಡುವುದು ನ್ಯಾಯ. ಅಕ್ಟೋಬರ್, ನವೆಂಬರ್ ತಿಂಗಳಿಗೆ ಬೇಕಿದ್ದವರು ಮುಂಗಡ ಕೊಟ್ಟು ಹೆಸರು ಬರೆಸಬೇಕು, ಅಂಗಡಿಯಲ್ಲಿ ಪೆಟ್ಟಿಗೆಗಳು ಹೆಚ್ಚಿಲ್ಲ. ಒಂದೇ ಸಾಮಾನಿನ ತೂಕ 32 ಕಿಲೋ ಮೀರಿದರೆ ವಿಮಾನ ಕಂಪನಿಗಳು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲವಾದರೂ, ಇಲ್ಲಿ ತಕ್ಕಡಿ ಇಲ್ಲ. ತುಂಬಿದ ಪೆಟ್ಟಿಗೆಯನ್ನು ಪಕ್ಕದ ಕಿರಾಣಿ ಅಂಗಡಿಗೆ ಹೊತ್ತೊಯ್ದು ಅಕ್ಕಿ ಮೂಟೆ ತೂಗುವ ಕಾಟಾದ ಮೇಲೆ ಇಡಬೇಕಾಗುತ್ತದೆ. ಇಷ್ಟು ಅಚ್ಚುಕಟ್ಟಾಗಿ ತುಂಬಿಕೊಡುವವರು ಅದೊಂದನ್ನು ತಂದಿಟ್ಟುಕೊಳ್ಳಲಿ.