ಬೇರೆ ಇಲಾಖೆಗೆ ಹೋಗುತ್ತಿದ್ದೀರಾ? ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಅಂತ ಬರೆದು ಕೊಡಬೇಡಿ

ಒಂದು ಸರ್ಕಾರಿ ಕೆಲಸದಲ್ಲಿದ್ದು ಇನ್ನೊಂದಕ್ಕೆ ಸೆಲೆಕ್ಟ್ ಆಗಿ, ರಿಲೀವ್ ಆಗುವ ಓಡಾಟದಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೀನ್ ವಿಷಯ, ಅಂದರೆ ಬಿಟ್ಟು ಹೋದ ಹಳೆಯ ಹುದ್ದೆಗೆ ಗಡುವಿನೊಳಗೆ ವಾಪಸ್ ಬರುವ ಹಕ್ಕು. ನನ್ನ ಹಳೆಯ ಆಫೀಸು ನನ್ನ ಲೀನ್ ಅನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ, ಅದೂ ನನ್ನ ಕೈಯಿಂದಲೇ ಬರೆಸಿಕೊಂಡು. ಊರಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದಕ್ಕೆ ನಾಚಿಕೆ. ಆದರೆ ಈಗ ಅದೇ ಆಫೀಸಿನಿಂದ ಇನ್ನೊಬ್ಬ ಹುಡುಗ ಹೊರಟಿದ್ದಾನಂತೆ, ಅವನ ಕೈಗೂ ಅದೇ ಫಾರ್ಮ್ಯಾಟ್ ಕೊಟ್ಟಿದ್ದಾರಂತೆ. ಇದನ್ನು ಕೇಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಹುಬ್ಬಳ್ಳಿಯಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಕ್ಲರ್ಕ್ ಆಗಿದ್ದೆ. ಯಾವ ಇಲಾಖೆ ಅನ್ನುವುದು ಬೇಡ. ಪ್ರೊಬೇಷನ್ ಮುಗಿದು ಕನ್ಫರ್ಮ್ ಆಗಿತ್ತು. ಕೇಂದ್ರ ಸರ್ಕಾರಿ ನೌಕರಿಗೆ ಎಸ್‌ಎಸ್‌ಸಿ (ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಸಿಜಿಎಲ್ ಪರೀಕ್ಷೆ ಬರೆದೆ. ಕದ್ದು ಬರೆದದ್ದಲ್ಲ, ಆಫೀಸಿಗೆ ತಿಳಿಸಿ, ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತೆಗೆದುಕೊಂಡೇ ಬರೆದದ್ದು. ಎನ್‌ಒಸಿ ಕೊಡುವಾಗ ಅವರೇ ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದರು: ಬೇರೆ ಕಡೆ ಸೆಲೆಕ್ಟ್ ಆದರೆ ಎರಡು ವರ್ಷದೊಳಗೆ ವಾಪಸ್ ಬರುತ್ತೇನೆ, ಇಲ್ಲದಿದ್ದರೆ ಆಗ ಈ ಹುದ್ದೆಗೆ ರಾಜೀನಾಮೆ ಕೊಡುತ್ತೇನೆ ಅಂತ. ಈ ಮುಚ್ಚಳಿಕೆಯನ್ನು ನೆನಪಿಟ್ಟುಕೊಳ್ಳಿ.

ನಿಯಮ ಏನು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇದೆ. ಕನ್ಫರ್ಮ್ ಆದ ನೌಕರ ಪ್ರಾಪರ್ ಚಾನೆಲ್‌ನಲ್ಲಿ, ಅಂದರೆ ತನ್ನ ಆಫೀಸಿನ ಅನುಮತಿಯೊಂದಿಗೆ, ಅರ್ಜಿ ಹಾಕಿ ಕೇಂದ್ರದ ಇನ್ನೊಂದು ಇಲಾಖೆಗೋ ರಾಜ್ಯ ಸರ್ಕಾರಕ್ಕೋ ಹೋದರೆ, ಅವನು ಕೊಡುವುದು ಟೆಕ್ನಿಕಲ್ ರಾಜೀನಾಮೆ, ಹುದ್ದೆ ಬಿಟ್ಟರೂ ಸರ್ಕಾರಿ ಸೇವೆ ಬಿಟ್ಟಂತೆ ಅಲ್ಲ. ಹಳೆಯ ಹುದ್ದೆಯ ಮೇಲಿನ ಲೀನ್ ಎರಡು ವರ್ಷ ಇರುತ್ತದೆ. ಅಷ್ಟರಲ್ಲಿ ಹೊಸ ಕಡೆ ಕನ್ಫರ್ಮ್ ಆಗದಿದ್ದರೆ ಇನ್ನೊಂದು ವರ್ಷ ವಿಸ್ತರಿಸಬಹುದು. ಡಿಒಪಿಟಿಯವರು (ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ) 2016ರ ಆಗಸ್ಟ್ 17ರಂದು ಹಳೆಯ ಸುತ್ತೋಲೆಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಜ್ಞಾಪನ ಹೊರಡಿಸಿದ್ದಾರೆ, ಎಲ್ಲ ಅದರಲ್ಲಿದೆ. ಅದರ ಪ್ರಿಂಟ್ ತೆಗೆದುಕೊಂಡು ಸೂಪರಿಂಟೆಂಡೆಂಟ್ ಟೇಬಲ್ ಮುಂದೆ ನಿಂತವನು ನಾನು. ಗೊತ್ತಿಲ್ಲದೆ ಹೋದವನಲ್ಲ, ಇದನ್ನು ಬರೆದು ಹೇಳಲೇಬೇಕು, ಯಾಕಂದರೆ ಈಗ ಎಲ್ಲರೂ ‘ರೂಲ್ಸ್ ಓದ್ಕೋಬೇಕಿತ್ತು’ ಅಂತ ನನಗೇ ಬುದ್ಧಿ ಹೇಳುತ್ತಾರೆ.

ನಾನು ಬರೆದುಕೊಂಡು ಹೋಗಿದ್ದ ಪತ್ರದಲ್ಲಿ ಟೆಕ್ನಿಕಲ್ ರಾಜೀನಾಮೆ, ಲೀನ್, ಹೊಸ ಇಲಾಖೆಯ ಆಫರ್ ಲೆಟರ್ ನಂಬರ್ ಎಲ್ಲ ಇತ್ತು. ಸೂಪರಿಂಟೆಂಡೆಂಟ್ ಅದನ್ನು ನೋಡಿ ನಕ್ಕರು. ಡ್ರಾಯರ್‌ನಿಂದ ಜೆರಾಕ್ಸ್ ಮಾಡಿ ಮಾಡಿ ಅಕ್ಷರ ಮಾಸಿದ ಒಂದು ಹಾಳೆ ತೆಗೆದರು. ‘ಇಷ್ಟುದ್ದ ಬರದ್ರ ಮ್ಯಾಲಿನ ಆಫೀಸ್‌ನ್ಯಾಗ ಫೈಲ್ ಕುಂದರ್ತದ ತಮ್ಮಾ. ಎಲ್ಲಾರೂ ಹಿಂಗ ಕೊಡ್ತಾರ. ಎನ್‌ಒಸಿ ಫೈಲ್‌ನ್ಯಾಗ ಐತಲ್ಲ, ಲೀನ್ ತಾನ ಆಗ್ತದ. ನೀ ಜಾಯಿನ್ ಆಗೋ ತಾರೀಖ ನೋಡ್ಕೋ.’ ಜಾಯಿನ್ ಆಗಲು ಕೊಟ್ಟ ಗಡುವು ಹತ್ತಿರ ಬಂದಿತ್ತು, ಅವರಿಗೂ ಅದು ಗೊತ್ತಿತ್ತು. ಆ ಹಾಳೆಯಲ್ಲಿ ಇದ್ದದ್ದು ಮೂರು ಸಾಲು. ವೈಯಕ್ತಿಕ ಕಾರಣಗಳಿಂದ ಸೇವೆಗೆ ರಾಜೀನಾಮೆ ಕೊಡುತ್ತಿದ್ದೇನೆ, ಅಂಗೀಕರಿಸಿ, ಬಿಡುಗಡೆ ಮಾಡಿ. ನನ್ನ ಪತ್ರ ವಾಪಸ್ ನನ್ನ ಕೈಗೇ ಬಂತು. ಸಂಜೆ ಶಾಲು, ಪೇಡೆ, ಭಾಷಣ ಎಲ್ಲ ಆಯಿತು. ಭಾಷಣ ಮಾಡಿದವರೂ ಅವರೇ, ‘ನಮ್ಮ ಹುಡುಗ’ ಅಂತ.

ಪೋಸ್ಟಿಂಗ್ ಸಿಕ್ಕಿದ್ದು ಗುವಾಹಟಿಗೆ. ಒಂದೆರಡು ತಿಂಗಳಾದ ಮೇಲೆ ಬ್ಯಾಂಕ್ ಖಾತೆಗೆ ಹಳೆಯ ಆಫೀಸಿನಿಂದ ದುಡ್ಡು ಬಂತು. ಲೆಕ್ಕ ಹಾಕಿದರೆ ನನ್ನ ರಜೆ ಖಾತೆಯಲ್ಲಿದ್ದ ಇಎಲ್‌ನ (ಗಳಿಕೆ ರಜೆ) ಸರಿಯಾಗಿ ಅರ್ಧದ ಹಣ. ಇಲ್ಲೇ ನೋಡಿ ಗುಟ್ಟು ಇರುವುದು. ಟೆಕ್ನಿಕಲ್ ರಾಜೀನಾಮೆ ಆದರೆ ರಜೆ ಹೊಸ ಆಫೀಸಿಗೆ ವರ್ಗ ಆಗುತ್ತದೆ, ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ. ಕೆಲಸವನ್ನೇ ಬಿಟ್ಟು ಹೋದವನಿಗೆ ಮಾತ್ರ ಉಳಿದ ಇಎಲ್‌ನ ಅರ್ಧಕ್ಕೆ, ಹೆಚ್ಚೆಂದರೆ 150 ದಿನಕ್ಕೆ, ದುಡ್ಡು ಕೊಡುತ್ತಾರೆ. ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿ ಕೇಳಿದೆ, ಸರ್, ಇದು ಯಾಕೆ ಬಂತು ಅಂತ. ‘ರೊಕ್ಕ ಬಂದ್ರೂ ತಕರಾರು ಏನೋ ನಿಂದು?’ ಅಂತ ನಕ್ಕು ಫೋನ್ ಇಟ್ಟರು. ನನ್ನ ಸೇವೆಯ ದಾಖಲೆ ಇರುವ ಸರ್ವಿಸ್ ಬುಕ್ ಹೊಸ ಆಫೀಸಿಗೆ ಯಾವಾಗ ಕಳಿಸುತ್ತೀರಿ ಅಂದರೆ ‘ಕಳಸ್ತೀವಿ’. ಪ್ರತಿ ಸಲವೂ ಅದೇ, ಕಳಸ್ತೀವಿ, ಕಳಸ್ತೀವಿ.

ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೊಸ ಇಲಾಖೆಯಲ್ಲಿ ವರ್ಗ ಕೇಳಿದರೆ ಸದ್ಯಕ್ಕೆ ಆಗಲ್ಲ ಅಂದರು, ಅವರ ತಪ್ಪೇನಿಲ್ಲ. ಸರಿ, ಲೀನ್ ಇದೆಯಲ್ಲ, ಸಂಬಳ ಕಡಿಮೆ ಆದರೂ ಪರವಾಗಿಲ್ಲ, ಹುಬ್ಬಳ್ಳಿಗೇ ವಾಪಸ್ ಹೋಗೋಣ ಅಂತ ಅರ್ಜಿ ಹಿಡಿದು ಬಂದೆ. ಎರಡು ವರ್ಷ ಇನ್ನೂ ಆಗಿರಲಿಲ್ಲ.

ನನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದ ಹೊಸಬ ‘ಏನ್ ಬೇಕಾಗಿತ್ರಿ?’ ಅಂತ ಕೇಳಿದ. ಸೂಪರಿಂಟೆಂಡೆಂಟ್ ಅರ್ಜಿ ಓದಿದರು, ಏನೂ ಹೇಳದೆ ಅಲ್ಮೇರಾ ತೆಗೆಸಿ ನನ್ನ ಸರ್ವಿಸ್ ಬುಕ್ ತರಿಸಿದರು. ಕಳಿಸುತ್ತೇವೆ ಅಂದಿದ್ದ ಸರ್ವಿಸ್ ಬುಕ್ ಅಲ್ಲೇ ಇತ್ತು! ಕೊನೆಯ ಪುಟ ತಿರುಗಿಸಿ ನನ್ನ ಕಡೆ ತಳ್ಳಿದರು. ಕೆಂಪು ಶಾಯಿಯಲ್ಲಿ ‘ರಿಸೈನ್ಡ್ ಫ್ರಮ್ ಸರ್ವಿಸ್ ಆನ್ ಪರ್ಸನಲ್ ಗ್ರೌಂಡ್ಸ್’. ಕೆಳಗೆ ಹಸಿರು ಶಾಯಿಯಲ್ಲಿ ಸಾಹೇಬರ ಸಹಿ, ಸೀಲು. ತಾರೀಖು ನನಗೆ ಶಾಲು ಹೊದಿಸಿದ ದಿನದ್ದೇ.

ಮೈಯೆಲ್ಲ ಉರಿಯಿತು. ಸರ್, ನೀವೇ ಹೇಳಿದ್ದಲ್ವಾ, ನೀವೇ ಆ ಹಾಳೆ ಕೊಟ್ಟಿದ್ದಲ್ವಾ ಅಂದೆ. ಉತ್ತರ ಕೇಳಿ: ‘ಬರದವ್ರು ನೀವು, ಸಹಿ ಮಾಡಿದವ್ರು ನೀವು. ನಾವೇನ್ ಕೈ ಹಿಡದು ಬರಸೀವೇನ್ರೀ?’ ಹೋಗುವಾಗ ತಮ್ಮಾ, ಬಂದಾಗ ನೀವು. ರಾಜೀನಾಮೆ ವಾಪಸ್ ಪಡೆಯುತ್ತೇನೆ ಅಂದರೆ ‘ತೊಂಬತ್ತು ದಿವಸದ ಒಳಗ ಕೇಳಬೇಕಿತ್ತು’. ಬರೆದು ಕೊಡಿ ಅಂದರೆ ‘ಮ್ಯಾಲಿನ ಆಫೀಸಿಗೆ ಹೋಗ್ರಿ’. ಮೇಲಿನ ಆಫೀಸಿಗೆ ಹೋದರೆ ‘ಕೆಳಗಿನಿಂದ ಪ್ರಪೋಸಲ್ ಬರಬೇಕು’. ಸುತ್ತಮುತ್ತ ಕೂತವರು, ನನ್ನ ಜೊತೆ ವರ್ಷಗಟ್ಟಲೆ ಡಬ್ಬಿ ಹಂಚಿಕೊಂಡು ಉಂಡವರು, ಎಲ್ಲರೂ ಕಂಪ್ಯೂಟರ್ ನೋಡುತ್ತಾ ಕೂತಿದ್ದರು. ಆ ಅವಮಾನ ಹೇಳಿ ಮುಗಿಯುವುದಲ್ಲ.

ಕೊನೆಗೆ ಬಂದ ಲಿಖಿತ ಉತ್ತರ ಇಷ್ಟೇ: ಅರ್ಜಿದಾರರು ವೈಯಕ್ತಿಕ ಕಾರಣದಿಂದ ರಾಜೀನಾಮೆ ನೀಡಿರುತ್ತಾರೆ, ಲೀನ್ ಕೋರಿರುವುದಿಲ್ಲ, ಆದ್ದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ. ಲೀನ್ ಕೋರಿರುವುದಿಲ್ಲವಂತೆ! ಕೋರಿದ ಪತ್ರವನ್ನು ಕೈಗೆ ವಾಪಸ್ ಕೊಟ್ಟವರು ಯಾರು?

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆ, ಫೈಲಿನ ನೋಟ್‌ಶೀಟ್ (ಆಫೀಸಿನವರು ಟಿಪ್ಪಣಿ ಬರೆಯುವ ಹಾಳೆ) ಸಮೇತ ಕೊಡಿ ಅಂತ. ಬಂತು. ಎನ್‌ಒಸಿ ಇದೆ, ನನ್ನ ಮುಚ್ಚಳಿಕೆ ಇದೆ, ಹೊಸ ಇಲಾಖೆಯ ಆಫರ್ ಲೆಟರ್ ಕಾಪಿಯೂ ಇದೆ. ಕೇಸ್ ವರ್ಕರ್ ಚಂದಾಗಿ ನೋಟ್ ಹಾಕಿದ್ದಾರೆ, ನೌಕರ ಪ್ರಾಪರ್ ಚಾನೆಲ್ ಮೂಲಕ ಆಯ್ಕೆಯಾಗಿದ್ದಾರೆ, ಮುಚ್ಚಳಿಕೆ ಇಂಥ ಪುಟದಲ್ಲಿದೆ ಅಂತ. ಅದರ ಕೆಳಗೆ ಸೂಪರಿಂಟೆಂಡೆಂಟ್ ಬರೆದದ್ದು ಒಂದೇ ಸಾಲು, ರಾಜೀನಾಮೆ ಅಂಗೀಕರಿಸಬಹುದು. ಎರಡು ವರ್ಷದಲ್ಲಿ ವಾಪಸ್ ಬರುತ್ತೇನೆ ಅಂತ ಬರೆಸಿಕೊಂಡ ಆಫೀಸೇ, ಅದೇ ಫೈಲಿನಲ್ಲಿ, ಇವನು ಬಿಟ್ಟು ಹೋದ ಅಂತ ಮುಗಿಸಿದೆ. ಯಾಕೆ ಹೀಗೆ ಅಂತ ಅಲ್ಲಿನ ಒಬ್ಬರನ್ನು ಗುಟ್ಟಾಗಿ ಕೇಳಿದೆ. ಲೀನ್ ಇಟ್ಟರೆ ಎರಡು ವರ್ಷ ಫೈಲ್ ಕಾಯಬೇಕು, ಗಡುವು ಮುಗಿಯುವಾಗ ಪತ್ರ ಬರೆಯಬೇಕು, ಅಷ್ಟು ಉಸಾಬರಿ ಯಾರಿಗೆ ಬೇಕು ಅಂದರು. ಅಷ್ಟೇ. ಲಂಚಕ್ಕೂ ಅಲ್ಲ, ದ್ವೇಷಕ್ಕೂ ಅಲ್ಲ, ಮೈಗಳ್ಳತನಕ್ಕೆ!

ಹೊಸ ಆಫೀಸಿನಲ್ಲೂ ಪೆಟ್ಟು ಬಿತ್ತು. ಹಳೆಯ ಸೇವೆ ಲೆಕ್ಕಕ್ಕಿಲ್ಲ, ವೇತನ ರಕ್ಷಣೆ (ಹಳೆಯ ಸಂಬಳಕ್ಕಿಂತ ಕಡಿಮೆ ಆಗದಂತೆ ನೋಡುವುದು) ಇಲ್ಲ, ರಜೆ ಸೊನ್ನೆಯಿಂದ ಶುರು.

ಹೊರಡುವವರು ಇಷ್ಟು ಮಾಡಿ. ಪತ್ರದಲ್ಲಿ ‘ಟೆಕ್ನಿಕಲ್ ರಾಜೀನಾಮೆ’ ಮತ್ತು ‘ಲೀನ್ ಉಳಿಸಿಕೊಡಿ’ ಅನ್ನುವುದು ಇರಲೇಬೇಕು, ಎನ್‌ಒಸಿ ನಂಬರ್ ಸಮೇತ. ಅವರ ಡ್ರಾಯರ್ ಫಾರ್ಮ್ಯಾಟ್ ಮುಟ್ಟಬೇಡಿ. ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು ಕಾಪಿ ಮೇಲೆ ಸೀಲ್ ಹಾಕಿಸಿಕೊಳ್ಳಿ, ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ರಿಲೀವಿಂಗ್ ಆರ್ಡರ್‌ನಲ್ಲಿ ಲೀನ್ ಅನ್ನುವ ಮಾತು ಇಲ್ಲದಿದ್ದರೆ ಅಲ್ಲಿಂದ ಕದಲಬೇಡಿ, ಪೇಡೆ ಆಮೇಲೆ ತಿನ್ನಬಹುದು. ಇಎಲ್ ದುಡ್ಡು ಖಾತೆಗೆ ಬಂತೋ, ಅವತ್ತೇ ಲಿಖಿತವಾಗಿ ತಕರಾರು ಹಾಕಿ. ಇನ್ನೂ ಕನ್ಫರ್ಮ್ ಆಗದವರಿಗೆ ಲೀನ್ ಸಿಗಲ್ಲ, ಯಾರೇ ‘ಮಾಡ್ಸಿ ಕೊಡ್ತೀನಿ’ ಅಂದರೂ ನಂಬಬೇಡಿ. ಸರ್ಕಾರಿ ಕಂಪನಿಗಳಿಗೆ ಹೋಗುವವರ ಲೆಕ್ಕ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ರಾಜ್ಯ ಸರ್ಕಾರದವರು ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 252(ಬಿ) ಓದಿಕೊಳ್ಳಿ. ಅನುಮತಿ ಪಡೆದು ಇನ್ನೊಂದು ಹುದ್ದೆಗೆ ಹೋಗಲು ಕೊಡುವ ರಾಜೀನಾಮೆ ಸೇವೆಯನ್ನೇ ಬಿಟ್ಟಂತೆ ಅಲ್ಲ ಅಂತ ಅದರಲ್ಲಿದೆ, ನಿಮ್ಮ ಪತ್ರದಲ್ಲಿ ಅದನ್ನೇ ಹಾಕಿ.

ನಾನು ಬೆಂಗಳೂರಿನ ಸಿಎಟಿಗೆ (ಕೇಂದ್ರ ನೌಕರರ ಕೇಸ್ ನೋಡುವ ಆಡಳಿತ ನ್ಯಾಯಮಂಡಳಿ) ಹೋಗುತ್ತಿದ್ದೇನೆ. ಆದೇಶ ಬಂದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು, ಅದೂ ಓಡುತ್ತಿದೆ. ವಕೀಲರು ನೋಟ್‌ಶೀಟ್ ನೋಡಿ ಕೇಸ್ ಇದೆ ಅಂದಿದ್ದಾರೆ. ಇಂಥದೇ ರಾಜೀನಾಮೆಯನ್ನು ಟೆಕ್ನಿಕಲ್ ರಾಜೀನಾಮೆ ಅಂತ ತಿದ್ದಿಸಿಕೊಂಡವರು ಯಾರಾದರೂ ಇದ್ದರೆ ಆ ಆದೇಶದ ಕಾಪಿ ದಯವಿಟ್ಟು ಕಳಿಸಿ. ಮತ್ತೆ, ಆ ಹುಡುಗ ಇದನ್ನು ಓದುತ್ತಿದ್ದರೆ: ಇನ್ನೂ ಸಹಿ ಮಾಡಿಲ್ಲ ಅಂತ ಕೇಳಿದೆ, ಮಾಡಬೇಡಪ್ಪಾ, ಮೊದಲು ನನಗೆ ಫೋನ್ ಮಾಡು.