ಕಾಸರಗೋಡಿನ ಒಂದು ವಾಕ್ ಚಿಕಿತ್ಸಾ ಕೇಂದ್ರ: ನಮ್ಮ ಅನುಭವ

ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗಳು ಶಾಲೆಯಲ್ಲಿ ತುಟಿ ಬಿಚ್ಚದಿದ್ದುದರಿಂದ ಕಾಸರಗೋಡು ಪೇಟೆಯ ಈ ಕೇಂದ್ರಕ್ಕೆ ಹೋದೆವು. ಇದು ಹಟವಲ್ಲ, ಸೆಲೆಕ್ಟಿವ್ ಮ್ಯೂಟಿಸಂ ಎಂಬ ಆತಂಕದ ತೊಂದರೆ ಎಂದು ಚಿಕಿತ್ಸಕಿ ಮೊದಲೇ ತಿಳಿಸಿದರು. ಮನೋವೈದ್ಯರು ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯೂ ಇದನ್ನು ಆತಂಕದ ಕಾಯಿಲೆಗಳ ಸಾಲಿನಲ್ಲೇ ಇರಿಸಿದೆ. ಮಲಯಾಳ ಬಾರದೆ ಸುಮ್ಮನಿರುವ ಮಕ್ಕಳೂ ಗಡಿನಾಡಿನಲ್ಲಿರುವುದರಿಂದ, ಅವಳು ಶಾಲೆಯ ಕನ್ನಡದ ಗೆಳತಿಯರೊಡನೆಯೂ ಮೌನವಾಗಿರುತ್ತಾಳೆಯೇ ಎಂದು ಅವರು ವಿಚಾರಿಸಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು.

ಮಾತನಾಡೆಂದು ಅವರು ಒಮ್ಮೆಯೂ ಒತ್ತಾಯಿಸಲಿಲ್ಲ. ಮೊದಲು ಕೋಣೆಯಲ್ಲಿ ತಾಯಿ ಮಗಳಿಬ್ಬರೇ ಆಟವಾಡುತ್ತಾ ಮಾತನಾಡಬೇಕು. ಚಿಕಿತ್ಸಕಿ ಬಾಗಿಲ ಬಳಿ ಕುಳಿತು, ದಿನಕ್ಕಿಷ್ಟು ಹತ್ತಿರ ಸರಿದು, ಆಟಕ್ಕೆ ಸೇರಿ, ಕೊನೆಗೆ ತಾಯಿಯೇ ಹೊರಗೆ ಹೋಗುವಂತೆ ಮಾಡುತ್ತಾರೆ. ‘ಕೆಂಪೋ ನೀಲಿಯೋ’ ಎಂಬಂತಹ ಆಯ್ಕೆಯ ಪ್ರಶ್ನೆ ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾಯುತ್ತಾರೆ. ಇದೇ ಕ್ರಮವನ್ನು ಅಧ್ಯಾಪಕಿಯ ಸಹಕಾರದಿಂದ ತರಗತಿಗೂ ಒಯ್ದದ್ದರಿಂದ, ಮಗಳು ಈಗ ಟೀಚರಿಗೆ ಪಿಸುದನಿಯಲ್ಲಿ ಉತ್ತರಿಸುತ್ತಾಳೆ.

ಕೊರತೆಯೂ ಇದೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸದ ಹಾಳೆಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ದೊರೆಯುತ್ತವೆ. ಮಗುವನ್ನು ನೋಡಿಕೊಳ್ಳುವ ಅಜ್ಜಿ ಕನ್ನಡವನ್ನಷ್ಟೇ ಓದಬಲ್ಲರು ಎಂಬುದನ್ನು ಕೇಂದ್ರದವರು ಗಮನಿಸಲೇಬೇಕು. ಸಂಜೆಯ ಸಮಯ ಸಿಗುವುದೂ ಕಷ್ಟ. ಹೋಗುವವರು, ಚಿಕಿತ್ಸಕಿ ಶಾಲೆಗೂ ಬರುವರೇ ಎಂದು ಮೊದಲೇ ಕೇಳಿಕೊಳ್ಳಿ.